ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್, ಆ್ಯಸಿಡ್ ಒಟ್ಟಿಗೆ ಸುರಿಯಬಹುದೇ?

"ಬ್ಲೀಚಿಂಗ್ ಪೌಡರ್ ಉದುರಿಸಿ, ಅದರ ಮೇಲೆ ಬಾತ್‌ರೂಮ್ ಆ್ಯಸಿಡ್ ಹಾಕಿ. ನೊರೆ ಬಂದಷ್ಟೂ ಕೊಳೆ ಹೋಗುತ್ತದೆ. ಐದೇ ನಿಮಿಷದಲ್ಲಿ ಅಂಗಳ ಫಳಫಳ!" ಹಬ್ಬ ಹತ್ತಿರ ಬಂದಂತೆ ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಇದು ನಿಜವೇ? ಹೀಗೆ ಮಾಡಬಹುದೇ?

ಒಂದೇ ಮಾತಿನ ಉತ್ತರ: ಬೇಡ. ಇವೆರಡನ್ನು ಬೆರೆಸಿದರೆ ಉಸಿರುಗಟ್ಟಿಸುವ ವಿಷಾನಿಲ ಹುಟ್ಟುತ್ತದೆ. ಏಕೆ, ಮತ್ತೆ ಅಂಗಳ ತೊಳೆಯುವುದು ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ.

ಅಂಗಳ ಕಪ್ಪಾಗುವುದೇಕೆ?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಇರಲಿ, ತಿಪಟೂರು, ತುರುವೇಕೆರೆ ಕಡೆಯ ಹಳ್ಳಿಗಳಿರಲಿ, ಮನೆ ಸುತ್ತ ತೆಂಗು ಇದ್ದೇ ಇರುತ್ತದೆ. ಮೊದಲು ಮಣ್ಣಿನ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದೆವು. ಈಗ ಬಹಳ ಮನೆಗಳ ಮುಂದೆ ಸಿಮೆಂಟು ಬಂದಿದೆ. ತೆಂಗಿನ ನೆರಳಲ್ಲಿ ಸಿಮೆಂಟು ಬೇಗ ಒಣಗುವುದಿಲ್ಲ. ಒದ್ದೆ ನಿಂತ ಕಡೆ ಪಾಚಿ ಬೆಳೆಯುತ್ತದೆ. ಮಳೆಗಾಲದಲ್ಲಿ ಹಸಿರಾಗಿ ಜಾರುವ ಅದೇ ಪಾಚಿ ಬೇಸಿಗೆಯಲ್ಲಿ ಒಣಗಿ ಕಪ್ಪು ಪದರವಾಗಿ ಕೂರುತ್ತದೆ.

ಎಲ್ಲ ಕಲೆಯೂ ಪಾಚಿಯಲ್ಲ. ತೆಂಗಿನ ಸಿಪ್ಪೆ ರಾಶಿಯ ಮೇಲೆ ಮಳೆ ಬಿದ್ದರೆ ಟೀ ಬಣ್ಣದ ನೀರು ಇಳಿಯುತ್ತದೆ. ಅದು ಟ್ಯಾನಿನ್. ಕಬ್ಬಿಣ ತಾಗಿದರೆ ಅದೇ ಕಲೆ ಕಪ್ಪಾಗುತ್ತದೆ. ಕೊಬ್ಬರಿ ಹರಡಿದ ಜಾಗದಲ್ಲಿ ಎಣ್ಣೆ ಜಿಡ್ಡು. ಬೋರ್‌ವೆಲ್ ನಲ್ಲಿಯ ಕೆಳಗೆ ಗಡಸು ನೀರಿನ ಬಿಳಿ ಪದರ. ನಾಲ್ಕು ಕಲೆ, ನಾಲ್ಕು ಕಾರಣ. ಹಾಗಾಗಿ ಒಂದೇ ಮದ್ದು ಎಲ್ಲಕ್ಕೂ ಆಗುವುದಿಲ್ಲ.

ಬೆರೆಸಿದರೆ ಏನಾಗುತ್ತದೆ?

ಬಾತ್‌ರೂಮ್ ಆ್ಯಸಿಡ್ ಎಂದು ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿಂಗ್ ಪೌಡರ್‌ಗೆ ಅದು ತಾಗಿದ ತಕ್ಷಣ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲ್ 22ರಂದು, ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಬಗ್ಗಿ ಕೂತು ಉಜ್ಜುವವರ ಮುಖ, ಪಕ್ಕದಲ್ಲಿ ಆಡುವ ಮಗುವಿನ ಮುಖ ಇರುವುದೂ ಅದೇ ಎತ್ತರದಲ್ಲಿ. ಕಣ್ಣು, ಗಂಟಲು, ಶ್ವಾಸಕೋಶದ ತೇವಕ್ಕೆ ತಾಗಿದಾಗ ಅದು ಆಮ್ಲವಾಗಿ ಸುಡುತ್ತದೆ. ಮೂಗಿಗೆ ಕಟ್ಟಿದ ಟವೆಲ್ ದೂಳು ತಡೆಯಬಹುದು, ಈ ಅನಿಲವನ್ನು ತಡೆಯುವುದಿಲ್ಲ. ಬಚ್ಚಲುಮನೆಯಂಥ ಇಕ್ಕಟ್ಟಿನ ಜಾಗದಲ್ಲಂತೂ ಜೀವಕ್ಕೇ ಅಪಾಯ.

ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಬೆರೆಸಬಾರದು. ಅವುಗಳಿಂದಲೂ ವಿಷಾನಿಲ ಬರುತ್ತದೆ.

ನೊರೆ ಬಂದರೆ ಕೊಳೆ ಹೋಗುತ್ತಿದೆ ಎಂದೇ?

ಇಲ್ಲ. ಸಿಮೆಂಟಿನಲ್ಲಿರುವುದು ಮುಖ್ಯವಾಗಿ ಸುಣ್ಣದಂಶ. ಆ್ಯಸಿಡ್ ಬಿದ್ದಾಗ ಬುಸ್ಸೆಂದು ಏಳುವ ನೊರೆ ಆ ಸುಣ್ಣ ಕರಗುವಾಗ ಬರುವ ಇಂಗಾಲದ ಡೈಆಕ್ಸೈಡ್. ಅಂಗಳ ಬೆಳ್ಳಗೆ ಕಾಣುವುದು ನಿಜ, ಆದರೆ ಮೇಲಿನ ಪದರವೇ ಕಿತ್ತುಹೋಗಿರುತ್ತದೆ. ಒಳಗಿನ ಮರಳು ಮೇಲೆ ಬರುತ್ತದೆ, ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ, ಅಲ್ಲಿ ನೀರು ನಿಲ್ಲುತ್ತದೆ. ಮುಂದಿನ ಮಳೆಗೆ ಪಾಚಿಗೆ ಮೊದಲಿಗಿಂತ ಒಳ್ಳೆಯ ಜಾಗ ಸಿಕ್ಕಂತಾಯಿತು.

ಕಡಪ ಕಲ್ಲೂ ಸುಣ್ಣದ ಕಲ್ಲೇ. ಆ್ಯಸಿಡ್ ಬಿದ್ದರೆ ಅದರ ಹೊಳಪು ಹೋಗುತ್ತದೆ. ಇನ್ನು ಆರ್‌ಸಿಸಿ ತಾರಸಿಯ ಮೇಲೆ ಪದೇ ಪದೇ ಸುರಿದರೆ ಕ್ಲೋರೈಡ್ ಒಳಗಿಳಿದು ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸಬಲ್ಲದು.

ಪ್ರೆಶರ್ ವಾಷರ್ ತಂದರೆ ಸಾಕೇ?

ಪಾಚಿ ಕೀಳುವುದರಲ್ಲಿ ಅದು ಜೋರು. ಆದರೆ ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿಯ ಒತ್ತಡ 30ರಿಂದ 35 ಪಿಎಸ್‌ಐ. ಮನೆಬಳಕೆಯ ವಾಷರ್ 100 ಬಾರ್‌ನದ್ದಾದರೆ ಅದು ಸುಮಾರು 1,450 ಪಿಎಸ್‌ಐ, ಅಂದರೆ ನಲವತ್ತು ಪಟ್ಟಿಗೂ ಹೆಚ್ಚು. ಒಂದೇ ಕಡೆ ಹತ್ತಿರ ಹಿಡಿದರೆ ಸಿಮೆಂಟಿನ ಮೇಲ್ಪದರ ಏಳುತ್ತದೆ, ಇಂಟರ್‌ಲಾಕ್ ಕಲ್ಲುಗಳ ನಡುವಿನ ಮರಳು ಹಾರಿಹೋಗುತ್ತದೆ. ಹಳೆಯ ಮಣ್ಣಿನ ಗೋಡೆ, ಗಾರೆಯ ಕಡೆಗಂತೂ ತಿರುಗಿಸಲೇಬೇಡಿ.

ಕಾಲಿಗೆ, ಕೈಗೆ ಆ ನೀರು ಹೊಡೆದರೆ ಚರ್ಮದೊಳಕ್ಕೇ ನುಗ್ಗಬಹುದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಕೊಳೆ ಸೇರಿರುತ್ತದೆ. ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒದ್ದೆ ನೆಲದಲ್ಲಿ ಜೋಡಿಸಿದ ವೈರು, ಅರ್ಥಿಂಗ್ ಇಲ್ಲದ ಪ್ಲಗ್ಗು ಮತ್ತೊಂದು ಅಪಾಯ.

ತೆಂಗಿಗೆ ಉಪ್ಪು ಹಾಕುತ್ತೇವಲ್ಲ, ಆ ನೀರು ಬುಡಕ್ಕೆ ಹೋದರೇನು?

ಕೆಲವರ ಪ್ರಶ್ನೆ ಇದು. ತೆಂಗಿಗೆ ಕ್ಲೋರೈಡ್ ಬೇಕು ಎನ್ನುವುದು ನಿಜ. ನಾವು ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೂಡ ಪೊಟ್ಯಾಸಿಯಂ ಕ್ಲೋರೈಡ್. ಆದರೆ ಕ್ಲೋರೈಡ್ ಬೇರೆ, ಬ್ಲೀಚಿಂಗ್ ಪೌಡರಿನ ಚುರುಕು ಕ್ಲೋರಿನ್ ಬೇರೆ. ಹೆಸರು ಹತ್ತಿರ, ಗುಣ ದೂರ. ಪಾಚಿ ಕೊಲ್ಲುವಷ್ಟು ಗಟ್ಟಿ ನೀರು ಎಳೆಬೇರನ್ನೂ ಎರೆಹುಳುವನ್ನೂ ಬಿಡುವುದಿಲ್ಲ. ಈ ನೀರು ಮರದ ಪಾತಿಗೆ, ಬಾವಿಯ ಕಡೆಗೆ, ದನ ಕುಡಿಯುವ ತೊಟ್ಟಿಗೆ ಹರಿಯದಂತೆ ನೋಡಿಕೊಳ್ಳಿ.

ಹಾಗಾದರೆ ಹೇಗೆ ತೊಳೆಯುವುದು?

ಪಾಚಿ: ಮೊದಲು ಗಟ್ಟಿ ಬ್ರಷ್ಷಿನಿಂದಲೋ ತೆಂಗಿನ ಕಡ್ಡಿಪೊರಕೆಯ ಮೋಟಿನಿಂದಲೋ ಒಣಗಿದ್ದಾಗಲೇ ಉಜ್ಜಿ ಗುಡಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಉಳಿದುದಕ್ಕೆ 10 ಲೀಟರ್ ನೀರಿಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿನೀರನ್ನು ಮಾತ್ರ ಹಾಕಿ. ಹತ್ತು-ಹದಿನೈದು ನಿಮಿಷ ಬಿಟ್ಟು ಉಜ್ಜಿ, ತೊಳೆಯಿರಿ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ.

ಎಣ್ಣೆ ಜಿಡ್ಡು: ಬಿಸಿನೀರು, ವಾಷಿಂಗ್ ಸೋಡ ಅಥವಾ ಸೋಪಿನ ಪುಡಿ.

ಸಿಪ್ಪೆಯ ಕಲೆ: ನಿಂಬೆರಸದಂಥ ಸೌಮ್ಯ ಹುಳಿಯನ್ನು ಸ್ವಲ್ಪ ಹಾಕಿ ಉಜ್ಜಿ, ಕೂಡಲೇ ತೊಳೆದುಬಿಡಿ. ಹುಳಿ ಕಡಪ ಕಲ್ಲಿಗೆ ಬೇಡ. ಬ್ಲೀಚಿಂಗ್ ಹಾಕಿದ ದಿನವೂ ಬೇಡ.

ಬಿಳಿ ಪದರ: ಬ್ರಷ್ಷಿನಿಂದ ಉಜ್ಜುವುದೇ ಕ್ಷೇಮ. ಪದರವನ್ನು ಕರಗಿಸುವ ಆಮ್ಲ ಸಿಮೆಂಟನ್ನೂ ಕರಗಿಸುತ್ತದೆ.

ಬ್ಲೀಚಿಂಗ್ ಪೌಡರ್ ಚೀಲವನ್ನು ಆ್ಯಸಿಡ್, ಎಣ್ಣೆ, ಡೀಸೆಲ್, ರಸಗೊಬ್ಬರದ ಪಕ್ಕ ಇಡಬೇಡಿ. ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಯಾವುದನ್ನೂ ಕೂಲ್‌ಡ್ರಿಂಕ್ ಬಾಟಲಿಗೆ ತುಂಬಿಡಬೇಡಿ, ಮಕ್ಕಳು ಕುಡಿದುಬಿಡುತ್ತಾರೆ.

ಪಾಚಿ ಮತ್ತೆ ಬಾರದಿರಲು ಔಷಧಿಗಿಂತ ನೀರು ನಿಲ್ಲದ ಇಳಿಜಾರು ಮುಖ್ಯ. ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ, ಸಿಪ್ಪೆ ರಾಶಿಯನ್ನು ಅಂಗಳದಿಂದ ಆಚೆ ಹಾಕಿ.

ಅಕಸ್ಮಾತ್ ಬೆರೆಸಿಬಿಟ್ಟರೆ?

ಬಕೆಟ್ ಅಲ್ಲೇ ಬಿಟ್ಟು ಗಾಳಿ ಬರುವ ದಿಕ್ಕಿನ ಕಡೆಗೆ, ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ. ಅದರ ಮೇಲೆ ಇನ್ನೇನನ್ನೂ ಸುರಿಯಬೇಡಿ. ಬಟ್ಟೆಗೆ ಸಿಡಿದಿದ್ದರೆ ಬಿಚ್ಚಿ, ಮೈ ಮತ್ತು ಕಣ್ಣನ್ನು ಧಾರಾಳವಾಗಿ ನೀರಿನಲ್ಲಿ ತೊಳೆಯಿರಿ. ಕೆಮ್ಮು, ಎದೆ ಬಿಗಿತ, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಕರೆ ಮಾಡಿ. ಆ ಕ್ಷಣಕ್ಕೆ ಚೆನ್ನಾಗಿದ್ದರೂ ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು. ಆದ್ದರಿಂದ ವೈದ್ಯರಿಗೆ ಒಮ್ಮೆ ತೋರಿಸಿಕೊಳ್ಳಿ.

ನಿಮ್ಮ ಗುಂಪಿಗೆ ಆ ಸಲಹೆ ಬಂದಿದ್ದರೆ, ಉತ್ತರವಾಗಿ ಈ ಎರಡು ಸಾಲು ಕಳಿಸಿ: "ಬ್ಲೀಚಿಂಗ್ ಪೌಡರ್, ಆ್ಯಸಿಡ್ ಎಂದಿಗೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ನೊರೆ ಎಂದರೆ ಕೊಳೆ ಹೋಗುತ್ತಿದೆ ಎಂದಲ್ಲ, ಸಿಮೆಂಟು ಕರಗುತ್ತಿದೆ ಎಂದು."