ಸಾಕೇ, ಸಾಲದೇ?

ವ್ಯವಹಾರ ನಿರ್ವಹಣಾ ಶಿಕ್ಷಣವನ್ನು ಬಯಸುವವರು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ‘ದತ್ತಾಂಶ ಪರ್ಯಾಪ್ತತೆ’ ಎಂಬ ಪ್ರಶ್ನಾಪ್ರಕಾರವೊಂದುಂಟು. ಅಲ್ಲಿ ಉತ್ತರವೆಷ್ಟೆಂಬುದು ಮುಖ್ಯವಲ್ಲ. ಕೊಟ್ಟ ಎರಡು ಹೇಳಿಕೆಗಳಿಂದ ಉತ್ತರವು ನಿಶ್ಚಯವಾಗುವುದೇ ಎಂಬುದಷ್ಟೇ ವಿಚಾರ. ತರ್ಕಶಾಸ್ತ್ರವನ್ನು ಬಲ್ಲವರಿಗೆ ಈ ಹದ ಅಪರಿಚಿತವೇನಲ್ಲ.

ಐದು ಪೂರ್ಣಾಂಕಗಳ ಮಾನಕ ವಿಚಲನೆ ಎಷ್ಟು? ಒಂದು: ಅವುಗಳ ಸರಾಸರಿ 20. ಎರಡು: ಅವು ಒಂದರ ಮುಂದೊಂದು ಬರುವ ಪೂರ್ಣಾಂಕಗಳು.

ಸರಾಸರಿ ತಿಳಿಯದೆ ವಿಚಲನೆ ದೊರೆಯದೆಂದು ಬಗೆದು ಎರಡನ್ನೂ ಕೂಡಿಸುವುದು ಸಹಜವಾದ ಪ್ರಮಾದ. ವಿಚಲನೆಯಾದರೋ ಸಂಖ್ಯೆಗಳ ಚದುರುವಿಕೆಯ ಅಳತೆ. 1ರಿಂದ 5 ಆಗಲಿ, 18ರಿಂದ 22 ಆಗಲಿ, ಸರಾಸರಿಯಿಂದ ಅವುಗಳ ದೂರಗಳು ಅವೇ: 2, 1, 0, 1, 2. ವರ್ಗಗಳ ಮೊತ್ತ 10. ಐದರಿಂದ ಭಾಗಿಸಲು 2. ಅದರ ವರ್ಗಮೂಲವೇ ವಿಚಲನೆ. ಎರಡನೆಯ ಹೇಳಿಕೆಯೊಂದೇ ಸಾಕು. ಮೊದಲನೆಯದು ಸಾಲದು: ಐದೂ 20 ಆದರೆ ವಿಚಲನೆ ಸೊನ್ನೆ, 10, 15, 20, 25, 30 ಆದರೆ ಸೊನ್ನೆಯಲ್ಲ.