ಸ್ಕ್ಯಾನ್ ನಾರ್ಮಲ್, ಮನುಷ್ಯ ಮಾತ್ರ ಮೊದಲಿನವನಲ್ಲ

ಪಡುಬಿದ್ರಿಯಿಂದ ಉಡುಪಿ ಕಡೆಗೆ ಹೊರಟರೆ ಎರ್ಮಾಳು, ಉಚ್ಚಿಲ, ಮೂಳೂರು, ಆಮೇಲೆ ಕಾಪು. ರಾಷ್ಟ್ರೀಯ ಹೆದ್ದಾರಿ 66 ಈ ಊರುಗಳನ್ನು ಸೀಳಿಕೊಂಡೇ ಹೋಗುತ್ತದೆ. ಮನೆ ರಸ್ತೆಯ ಒಂದು ಬದಿಗೆ, ಬಸ್‌ಸ್ಟಾಪ್ ಇನ್ನೊಂದು ಬದಿಗೆ. ಡಿವೈಡರ್ ತೆರೆದಿರುವ ಜಾಗ ದೂರ ಅಂತ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್, ಮಲ್ಪೆಯಿಂದ ಮೀನು ಹೇರಿಕೊಂಡು ಹೊರಟ ಟೆಂಪೊ, ಮಂಗಳೂರು ಏರ್‌ಪೋರ್ಟಿಗೆ ತಡವಾಯಿತು ಅಂತ ಓಡುವ ಟ್ಯಾಕ್ಸಿ, ಎಲ್ಲಕ್ಕೂ ಅದೇ ರಸ್ತೆ. ಅಪಘಾತವಾದ ಮಾರನೇ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಕೊನೆಯ ಸಾಲು ಹೆಚ್ಚುಕಡಿಮೆ ಯಾವಾಗಲೂ ಒಂದೇ: ತಲೆಗೆ ಪೆಟ್ಟಾದ ಗಾಯಾಳುವನ್ನು ಮಣಿಪಾಲದ ಆಸ್ಪತ್ರೆಗೆ ದಾಖಲಿಸಲಾಗಿದೆ, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.

ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಮನೆಯವರಿಗೆ ಅಲ್ಲಿಂದ ಶುರು. ಕಾಲು ಮುರಿದರೆ ಎಕ್ಸ್‌ರೇ ಇರುತ್ತದೆ, ಒಳಗೆ ಕೂರಿಸಿದ ರಾಡ್ ಇರುತ್ತದೆ, ಕುಂಟುವ ನಡಿಗೆ ಜಡ್ಜ್ ಕಣ್ಣಿಗೂ ಕಾಣುತ್ತದೆ. ತಲೆಯ ಪೆಟ್ಟು ಹಾಗಲ್ಲ. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿ ಮನೆಗೆ ಬಂದವರು ನೋಡಲು ಚೆನ್ನಾಗಿಯೇ ಇರುತ್ತಾರೆ. ಎರಡು ತಿಂಗಳಾದ ಮೇಲೆ ಹೆಂಡತಿ, ತಾಯಿ ಹೇಳುವ ಮಾತು ಒಂದೇ: "ಇವರು ಮೊದಲಿನ ಹಾಗೆ ಇಲ್ಲ." ಆ ಮಾತಿಗೆ ಕೋರ್ಟಿನಲ್ಲಿ ಬೆಲೆ ಸಿಗಬೇಕಾದರೆ ಅದು ಎಲ್ಲೋ ಒಂದು ಕಾಗದದ ಮೇಲೆ, ತಾರೀಖಿನ ಸಮೇತ ಇರಬೇಕು. ನಮ್ಮಲ್ಲಿ ಬಹಳ ಪ್ರಕರಣಗಳು ಸೋರುವುದು ಈ ತೂತಿನಲ್ಲೇ.

ಮೊದಲು ಪೆಟ್ಟಿನ ವಿಷಯ. ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಒಳಗೆ ಕೂತವರೂ ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿರುತ್ತಾರೆ. ಡಿಕ್ಕಿಯಾದಾಗ ಕಾರು ನಿಲ್ಲುತ್ತದೆ. ಬೆಲ್ಟ್ ಇದ್ದರೆ ಮೈ ನಿಲ್ಲುತ್ತದೆ, ಇಲ್ಲದಿದ್ದರೆ ಗಾಜೋ ಮುಂದಿನ ಸೀಟೋ ನಿಲ್ಲಿಸುತ್ತದೆ. ತಲೆಬುರುಡೆಯೂ ನಿಂತಿತು. ಒಳಗಿನ ಮೆದುಳು ಮಾತ್ರ ಇನ್ನೂ ಚಲಿಸುತ್ತಿದೆ. ಗಟ್ಟಿ ಮೊಸರಿನಷ್ಟು ಮೆತ್ತಗಿನ ವಸ್ತು ಅದು. ಹೋಗಿ ಬುರುಡೆಗೆ ಬಡಿಯುತ್ತದೆ, ತಿರುಚುತ್ತದೆ. ಹಣೆಯ ಹಿಂದಿನ ಭಾಗಕ್ಕೆ ಏಟು ಹೆಚ್ಚು, ಯಾಕೆಂದರೆ ಅಲ್ಲಿ ಬುರುಡೆಯ ತಳ ಒರಟು. ತಾಳ್ಮೆ, ಯೋಜನೆ, ಯಾರ ಎದುರು ಏನು ಮಾತಾಡಬೇಕು ಅನ್ನುವ ವಿವೇಕ ಎಲ್ಲ ನಡೆಯುವುದು ಆ ಭಾಗದಿಂದಲೇ. ತಿರುಚಿದಾಗ ನರತಂತುಗಳು ಎಳೆದು ಹರಿಯುತ್ತವೆ. ರಕ್ತಸ್ರಾವ ಸಿಟಿ ಸ್ಕ್ಯಾನಿನಲ್ಲಿ ಬಿಳಿಯಾಗಿ ಕಾಣುತ್ತದೆ; ಹರಿದ ತಂತುಗಳು ಎಷ್ಟೋ ಸಲ ಕಾಣುವುದೇ ಇಲ್ಲ. ಹೀಗಾಗಿ "ಸಿಟಿ ನಾರ್ಮಲ್" ಅಂದರೆ ಆಪರೇಷನ್ ಮಾಡಬೇಕಾದಂಥದ್ದು ಏನೂ ಕಾಣಲಿಲ್ಲ ಅಂತ ಅರ್ಥ. ಮೆದುಳಿಗೆ ಏನೂ ಆಗಿಲ್ಲ ಅಂತ ಅಲ್ಲ.

ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಜಿಸಿಎಸ್' ಅಂತ ಒಂದು ಅಂಕೆ ಇರುತ್ತದೆ. ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಇಬ್ಬರು ವೈದ್ಯರು ರೂಪಿಸಿದ್ದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರಕ್ಕೆ ಅಂಕ ಕೊಟ್ಟು ಕೂಡಿಸುತ್ತಾರೆ. 13ರಿಂದ 15 ಬಂದರೆ ಪೆಟ್ಟು ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಆಸ್ಪತ್ರೆಗೆ ತಲುಪಿದ ಹೊತ್ತಿನ ಅಂಕೆ ಮುಖ್ಯ, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಎಷ್ಟು ದಿನದ ನೆನಪು ಅಳಿಸಿಹೋಗಿದೆ ಅನ್ನುವುದೂ ಮುಖ್ಯ. ಸೌಮ್ಯ ಅನ್ನುವ ಪದ ನೋಡಿ ಮೋಸ ಹೋಗಬಾರದು. ಅದು ಮೊದಲ ದಿನದ ಸ್ಥಿತಿಗೆ ಕೊಟ್ಟ ಹೆಸರು, ಮುಂದಿನ ಹತ್ತು ವರ್ಷಕ್ಕೆ ಕೊಟ್ಟದ್ದಲ್ಲ.

ಆಮೇಲೆ ಕಾಣಿಸಿಕೊಳ್ಳುವುದೇ ಬೇರೆ. ಮರೆವು, ಬೇಗ ಸುಸ್ತು, ಸಣ್ಣದಕ್ಕೆ ಸಿಟ್ಟು, ಲೆಕ್ಕ ತಪ್ಪುವುದು, ತಿಂಗಳುಗಳ ನಂತರ ಬರುವ ಫಿಟ್ಸ್. ಇನ್ನೊಂದನ್ನು ವಕೀಲರೂ ಕೇಳುವುದು ಕಡಿಮೆ: ವಾಸನೆ. ಮೂಗಿನ ಮೇಲ್ಭಾಗದಲ್ಲಿ ಜರಡಿಯಂಥ ಮೂಳೆ ಇದೆ, ಅದರ ರಂಧ್ರಗಳಲ್ಲಿ ವಾಸನೆಯ ನರದ ಎಳೆಗಳು ಹಾದುಹೋಗುತ್ತವೆ. ಮೆದುಳು ಅಲುಗಿದಾಗ ಅವು ತುಂಡಾಗಬಹುದು. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದೊಂದು ಬೇಸರದ ವಿಷಯ ಅಷ್ಟೇ ಇರಬಹುದು. ಆದರೆ ಉಚ್ಚಿಲದಲ್ಲಿ ಮೀನು ಕೊಂಡು ಮಾರುವವರಿಗೆ? ಮುಂಬೈನ ಹೋಟೆಲಿನಲ್ಲಿ ಅಡುಗೆ ಮಾಡುವ ನಮ್ಮೂರಿನವರಿಗೆ? ಮೀನು ತಾಜಾವೋ ಹಳಸಿದ್ದೋ, ಒಗ್ಗರಣೆ ಸೀದಿತೋ ಇಲ್ಲವೋ ಗೊತ್ತಾಗದ ಮೇಲೆ ಆ ಕಸುಬು ಹೇಗೆ ನಡೆಯಬೇಕು?

ಕಾನೂನು ಈ ಪ್ರಶ್ನೆಯನ್ನು ಕೇಳುತ್ತದೆ, ಕೇಳಿಸಿಕೊಳ್ಳುವ ಹಾಗೆ ನಾವು ಹೇಳಬೇಕು ಅಷ್ಟೇ. ಜನ ಎಂವಿಸಿ ಕೇಸು ಅನ್ನುತ್ತಾರಲ್ಲ, ಅದು ಮೋಟಾರು ವಾಹನ ಕಾಯ್ದೆ 1988ರ 166ನೇ ಸೆಕ್ಷನ್ ಪ್ರಕಾರ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕುವ ಅರ್ಜಿ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಬೆಳಗಾವಿಯವರು ಉಚ್ಚಿಲದಲ್ಲಿ ಗಾಯಗೊಂಡರೆ ಬೆಳಗಾವಿಯಲ್ಲೇ ಹಾಕಬಹುದು. ಇಂಥ ಪ್ರಕರಣಗಳಿಗೆ ದಾರಿದೀಪ ಅನ್ನಬಹುದಾದ ತೀರ್ಪು ಸುಪ್ರೀಂ ಕೋರ್ಟು 2010ರ ಅಕ್ಟೋಬರ್‌ನಲ್ಲಿ ಕೊಟ್ಟ ರಾಜ್‌ಕುಮಾರ್ ವರ್ಸಸ್ ಅಜಯ್‌ಕುಮಾರ್. ಅದರ ತಿರುಳು ಇಷ್ಟು: ದೇಹದ ವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯ ನಷ್ಟದ ಶೇಕಡಾವಾರು ಬೇರೆ. ಎಡಗೈ ಕಳೆದುಕೊಂಡ ಡ್ರೈವರಿಗೋ ಬಡಗಿಗೋ ದುಡಿಮೆ ಬಹುಪಾಲು ಪೂರ್ತಿ ಹೋದ ಹಾಗೆ. ಸರ್ಕಾರಿ ಗುಮಾಸ್ತರಿಗೆ ಕೆಲಸ ಉಳಿಯಬಹುದು. ಹಾಗಾಗಿ ಮೊದಲು ಈ ವ್ಯಕ್ತಿ ಏನು ಕೆಲಸ ಮಾಡುತ್ತಿದ್ದರು, ಈಗ ಅದರಲ್ಲಿ ಏನು ಮಾಡಲಾಗುತ್ತಿಲ್ಲ ಅನ್ನುವುದನ್ನು ನೋಡಬೇಕು.

ಕರ್ನಾಟಕದಲ್ಲಿ ಕೈಕಾಲಿನ ಗಾಯಕ್ಕೆ ಒಂದು ರೂಢಿ ಬೆಳೆದಿದೆ. ಡಾಕ್ಟರು ಕಾಲಿಗೆ ಶೇ 45 ಅಂದರೆ, ಅದರ ಮೂರನೇ ಒಂದು ಭಾಗ, ಶೇ 15, ಇಡೀ ದೇಹದ ವೈಕಲ್ಯ. ಮೂಳೆಗೆ ಈ ಲೆಕ್ಕ ಒಪ್ಪಬಹುದು. ಮೆದುಳಿಗೆ ಇದನ್ನು ಅನ್ವಯಿಸಿದರೆ ಅರ್ಥವೇ ಇಲ್ಲ ಅಂತ ನನ್ನ ಅಭಿಪ್ರಾಯ. ಮೆದುಳು ದೇಹದ ಒಂದು ಅಂಗ ಅಂತ ಮೂರರಿಂದ ಭಾಗಿಸುವುದು, ಮದರ್‌ಬೋರ್ಡ್ ಸುಟ್ಟ ಕಂಪ್ಯೂಟರಿಗೆ ಒಂದು ಬಿಡಿಭಾಗದ ಬೆಲೆ ಕಟ್ಟಿದ ಹಾಗೆ.

ಈ ಶೇಕಡಾ ಯಾಕೆ ಅಷ್ಟು ಮುಖ್ಯ ಅಂತ ಲೆಕ್ಕ ಹಾಕಿಯೇ ನೋಡೋಣ. 34 ವರ್ಷದ, ಸ್ವಂತ ಮೀನು ವ್ಯಾಪಾರದ ಒಬ್ಬರು, ತಿಂಗಳ ಆದಾಯ 18,000 ರೂಪಾಯಿ ಅಂತ ಇಟ್ಟುಕೊಳ್ಳಿ. 2017ರ ಪ್ರಣಯ್ ಸೇಥಿ ತೀರ್ಪಿನ ಪ್ರಕಾರ 40 ವರ್ಷದೊಳಗಿನ ಸ್ವಉದ್ಯೋಗಿಗಳಿಗೆ ಮುಂದೆ ಬೆಳೆಯಬಹುದಾದ ಆದಾಯ ಅಂತ ಶೇ 40 ಸೇರಿಸಬೇಕು. ಅದು ಸಾವಿನ ಪ್ರಕರಣಕ್ಕೆ ಮಾತ್ರ ಅಂತ ವಿಮಾ ಕಂಪನಿಗಳು ವಾದಿಸುತ್ತಿದ್ದವು. ಶಾಶ್ವತ ವೈಕಲ್ಯದ ಪ್ರಕರಣಕ್ಕೂ ಸೇರಿಸಿ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ ತಿಂಗಳಿಗೆ 25,200, ವರ್ಷಕ್ಕೆ 3,02,400. 31ರಿಂದ 35ರ ವಯಸ್ಸಿಗೆ ಗುಣಕ 16, ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ಒಟ್ಟು 48,38,400. ದುಡಿಮೆಯ ನಷ್ಟ ಶೇ 15 ಅಂತ ಬರೆದರೆ ಸಿಗುವುದು 7,25,760. ಶೇ 50 ಅಂದರೆ 24,19,200. ಗಾಯ ಅದೇ, ಮನುಷ್ಯ ಅದೇ. ನಡುವಿನ ಹದಿನೇಳು ಲಕ್ಷದ ವ್ಯತ್ಯಾಸ ನಿಂತಿರುವುದು ವೈದ್ಯರ ಸಾಕ್ಷಿ ಮತ್ತು ಮನೆಯವರ ಕಾಗದಪತ್ರದ ಮೇಲೆ. ಆಸ್ಪತ್ರೆ ಖರ್ಚು, ನೋವು, ಮುಂದಿನ ಚಿಕಿತ್ಸೆ, ಬದುಕಿನ ಸುಖಗಳ ನಷ್ಟ, ಇವೆಲ್ಲ ಇದಕ್ಕೆ ಪ್ರತ್ಯೇಕ.

ನೋಡಿಕೊಳ್ಳುವವರ ಖರ್ಚನ್ನು ಮಾತ್ರ ಬಹಳಷ್ಟು ಅರ್ಜಿಗಳು ಮರೆಯುತ್ತವೆ. ಹರಿಯಾಣದ 12 ವರ್ಷದ ಹುಡುಗಿಗೆ 2007ರಲ್ಲಿ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಡಿಕ್ಕಿಯಾಗಿ ತಲೆಗೆ ಪೆಟ್ಟಾಯಿತು. ಅವಳ ಬುದ್ಧಿಮಟ್ಟ ಒಂಬತ್ತು ತಿಂಗಳ ಮಗುವಿನಷ್ಟಕ್ಕೆ ನಿಂತಿತು. ನ್ಯಾಯಮಂಡಳಿ ಸುಮಾರು 11 ಲಕ್ಷ ಕೊಟ್ಟಿತು, ಹೈಕೋರ್ಟ್ ಅದನ್ನು ಸುಮಾರು 25.78 ಲಕ್ಷ ಮಾಡಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 62.27 ಲಕ್ಷಕ್ಕೆ ಏರಿಸಿತು. ಅದರಲ್ಲಿ 21.60 ಲಕ್ಷ ಬರೀ ಆರೈಕೆಗೆ. ದಿನದ 24 ಗಂಟೆಗೆ ಇಬ್ಬರು ಬೇಕು ಅಂತ ಕೋರ್ಟ್ ಲೆಕ್ಕ ಹಾಕಿತ್ತು. ನಮ್ಮಲ್ಲಿ ಆರೈಕೆಯ ಕೆಲಸ ಬೀಳುವುದು ಹೆಂಡತಿ, ತಾಯಿ, ಅಕ್ಕನ ಮೇಲೆ. ಅವರು ಬೀಡಿ ಕಟ್ಟುವುದನ್ನೋ ಶಾಲೆಯ ಕೆಲಸವನ್ನೋ ಬಿಟ್ಟಿರುತ್ತಾರೆ. ಮನೆಯವರೇ ಅಲ್ವಾ ಅಂತ ಅದನ್ನು ಅರ್ಜಿಯಲ್ಲಿ ಬರೆಯುವುದೇ ಇಲ್ಲ. ಬರೆಯಬೇಕು.

ಇನ್ನು ಸಮಯದ ಸಮಸ್ಯೆ. 2019ರ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೆದುಳಿನ ಗಾಯ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಗೊತ್ತಾಗಲು ಒಂದು-ಒಂದೂವರೆ ವರ್ಷ ಬೇಕಾಗಬಹುದು. ಈ ಕಾಲಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಆರು ತಿಂಗಳು ದಾಟಿತು ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಮಧ್ಯಂತರ ಆದೇಶವನ್ನೇ ನಂಬಿ ಕೂರುವುದು ಬೇಡ. ಅರ್ಜಿಯನ್ನು ಆರು ತಿಂಗಳೊಳಗೇ ಹಾಕಿ, ವೈಕಲ್ಯದ ಸಾಕ್ಷಿಯನ್ನು ಸ್ಥಿತಿ ಸ್ಥಿರವಾದ ಮೇಲೆ ಕೊಡಿ. ಎರಡಕ್ಕೂ ಅವಕಾಶ ಇದೆ.

ಪೊಲೀಸರ ಪಾತ್ರವೂ ಬದಲಾಗಿದೆ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ಸವಿವರ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಆ ಸವಿವರ ವರದಿಯನ್ನೇ ಪರಿಹಾರದ ಅರ್ಜಿ ಅಂತ ಪರಿಗಣಿಸಲು ಕಾಯ್ದೆಯಲ್ಲಿ ದಾರಿ ಇದೆ. ಠಾಣೆಗೆ ಹೋಗಿ ಅದರ ಪ್ರತಿ ಕೇಳುವುದು ನಿಮ್ಮ ಹಕ್ಕು, ಉಪಕಾರ ಕೇಳಿದ ಹಾಗಲ್ಲ.

ಹಾಗಾದರೆ ಕಾಗದ ಅಂದರೆ ಯಾವುದು? ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಕಳೆದುಹೋಗುವುದು ಆಮೇಲಿನದ್ದು. ಪ್ರತಿ ಸಲ ಒಪಿಡಿಗೆ ಹೋದಾಗ ಮರೆವು, ಸಿಟ್ಟು, ತಲೆಸುತ್ತು, ವಾಸನೆ ಇಲ್ಲದಿರುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿ. ರೋಗಿಯನ್ನು ಕೇಳಿದರೆ "ಏನಿಲ್ಲ, ಹುಷಾರಾಗಿದ್ದೇನೆ" ಅನ್ನುತ್ತಾರೆ. ತನ್ನ ಬದಲಾವಣೆ ತನಗೇ ಗೊತ್ತಾಗದಿರುವುದೂ ಈ ಗಾಯದ ಒಂದು ಲಕ್ಷಣ. ಹಾಗಾಗಿ ಜೊತೆಗೆ ಮನೆಯವರು ಹೋಗಬೇಕು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ: ಇವತ್ತು ಗ್ಯಾಸ್ ಆಫ್ ಮಾಡಲು ಮರೆತರು, ಇವತ್ತು ಗಿರಾಕಿಗೆ 500ರ ಬದಲು ಎರಡು ಸಲ ಚಿಲ್ಲರೆ ಕೊಟ್ಟರು.

ಆರೆಂಟು ತಿಂಗಳ ನಂತರ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ. ನೆನಪು, ಗಮನ, ಯೋಚನೆಯ ವೇಗವನ್ನು ಇದು ಅಂಕಗಳಲ್ಲಿ ಅಳೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ನಮ್ಮವರ ವಯಸ್ಸು, ಓದು ನೋಡಿ ಹೋಲಿಸುವಂಥ ಪರೀಕ್ಷೆಗಳ ಸರಣಿಯನ್ನೇ ಸಿದ್ಧಪಡಿಸಿದೆ. ಸ್ಕ್ಯಾನ್ ತೋರಿಸದ್ದನ್ನು ಇದು ತೋರಿಸಬಲ್ಲದು. ವರದಿ ಕೊಟ್ಟವರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ ಅನ್ನುವುದನ್ನು ವಕೀಲರ ಜೊತೆ ಮೊದಲೇ ಮಾತಾಡಿಕೊಳ್ಳಿ. ಬರೀ ಸರ್ಟಿಫಿಕೇಟಿಗೆ ತೂಕ ಕಡಿಮೆ. ಕೆಲಸ ಕೊಟ್ಟವರು, ಮೀನು ಕೊಂಡುಕೊಳ್ಳುತ್ತಿದ್ದವರು, ಪಾಲುದಾರರು ಕೂಡ ಸಾಕ್ಷಿಗಳೇ. ಗಾಯಾಳುವಿಗೆ ತಾನೇ ತೀರ್ಮಾನ ಮಾಡುವ ಸ್ಥಿತಿ ಇಲ್ಲದಿದ್ದರೆ ಅವರ ಪರವಾಗಿ ಮನೆಯವರು 'ನೆಕ್ಸ್ಟ್ ಫ್ರೆಂಡ್' ಆಗಿ ಅರ್ಜಿ ನಡೆಸಬಹುದು.

ಎಲ್ಲರಿಗೂ ಈ ದಾರಿ ಇಲ್ಲ, ಇದನ್ನೂ ಹೇಳಬೇಕು. ತಾನೇ ಓಡಿಸುತ್ತಿದ್ದು, ತನ್ನದೇ ತಪ್ಪಿನಿಂದ ಡಿವೈಡರಿಗೆ ಗುದ್ದಿಕೊಂಡರೆ 166ರಲ್ಲಿ ಏನೂ ಸಿಗುವುದಿಲ್ಲ; ಪಾಲಿಸಿಯಲ್ಲಿರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆಯನ್ನು ನೋಡಬೇಕು. ಗೆಳೆಯನ ಬೈಕ್ ಕೇಳಿ ತಂದವರೂ ಮಾಲೀಕನ ಜಾಗದಲ್ಲೇ ನಿಲ್ಲುತ್ತಾರೆ ಅಂತ 2009ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಂಗ್ ಸೈಡಿನಲ್ಲಿ ಬಂದಿದ್ದರೆ, ಹೆಲ್ಮೆಟ್ ಇಲ್ಲದಿದ್ದರೆ ವಿಮಾ ಕಂಪನಿಯ ವಕೀಲರ ಮೊದಲ ಪ್ರಶ್ನೆಯೇ ಅದು, ಪರಿಹಾರದಲ್ಲಿ ಒಂದು ಪಾಲು ಕಡಿತವಾಗಬಹುದು. ಗುದ್ದಿ ಓಡಿದ ಗಾಡಿ ಸಿಗದಿದ್ದರೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಮೆದುಳಿನ ಗಾಯಕ್ಕೆ ಐವತ್ತು ಸಾವಿರ ಐಸಿಯುವಿನ ಕೆಲವೇ ದಿನಕ್ಕೂ ಸಾಲದು. 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸೆ ಯೋಜನೆ ಸ್ವಲ್ಪ ವಾಸಿ: ನಿಗದಿತ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ, 1.5 ಲಕ್ಷದವರೆಗೆ.

ಆಸ್ಪತ್ರೆಯ ಹೊರಗೆ "ನಾವು ಕೇಸು ನೋಡಿಕೊಳ್ಳುತ್ತೇವೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುವವರು ಸಿಕ್ಕೇ ಸಿಗುತ್ತಾರೆ. ಗೆದ್ದ ಹಣದಲ್ಲಿ ಪಾಲು ಅನ್ನುವ ಒಪ್ಪಂದವನ್ನು ವಕೀಲರು ಮಾಡಿಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಅದನ್ನು ನಿಷೇಧಿಸುತ್ತದೆ. ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ, ಅಂಗವಿಕಲರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100.

ಕೊನೆಗೆ ಲೋಕ ಅದಾಲತ್. ಬೇಗ ಮುಗಿಯುತ್ತದೆ, ಚೆಕ್ ಬೇಗ ಬರುತ್ತದೆ, ಮೂಳೆ ಮುರಿತದ ಎಷ್ಟೋ ಪ್ರಕರಣಗಳಿಗೆ ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಸಹಿ ಹಾಕಿದ ಮೂರು ತಿಂಗಳಿಗೆ ಮೊದಲ ಫಿಟ್ಸ್ ಬಂದರೂ ಫೈಲು ಮತ್ತೆ ತೆರೆಯಿಸುವುದು ಹೆಚ್ಚುಕಡಿಮೆ ಆಗದ ಮಾತು. ಹಾಗಾಗಿ ಅದಾಲತ್ತಿನ ದಿನಕ್ಕೆ ಮೊದಲು ನ್ಯೂರಾಲಜಿ ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ, ಉತ್ತರ ಬರೆಸಿಕೊಳ್ಳಿ: ಸ್ಥಿತಿ ಈಗ ಸ್ಥಿರವಾಗಿದೆಯೇ, ಫಿಟ್ಸ್ ಮಾತ್ರೆ ಎಷ್ಟು ವರ್ಷ ಬೇಕಾಗಬಹುದು. ಉತ್ತರ "ಇನ್ನೂ ನೋಡಬೇಕು" ಅಂತ ಇದ್ದರೆ ಮುಂದಿನ ಅದಾಲತ್ತಿಗೆ ಹೋಗಬಹುದು, ಅದು ಕೆಲವೇ ತಿಂಗಳಲ್ಲಿ ಮತ್ತೆ ಬರುತ್ತದೆ.