ಕನೆಕ್ಟ್ ಆಯ್ತು, ಆದ್ರೆ ಉತ್ತರ ಬರಲಿಲ್ಲ!

ನನ್ನ ಲ್ಯಾಪ್‌ಟಾಪ್ ಅಣ್ಣ ಬಳಸಿ ಬಿಟ್ಟಿದ್ದು. ರ್‍ಯಾಮ್ ಬರೀ 4 ಜಿಬಿ. ದೊಡ್ಡ ಸಾಫ್ಟ್‌ವೇರ್ ತೆರೆದರೆ ಫ್ಯಾನು ಅಕ್ಕಿ ಗಿರಣಿಯಂತೆ ಸದ್ದು ಮಾಡುತ್ತದೆ. ಹಾಗಾಗಿ ನಾನು ‘ವಿಮ್’ ಪಾಲಾದೆ. ಡಚ್ ಪ್ರೋಗ್ರಾಮರ್ ಬ್ರಾಮ್ ಮೋಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ಈ ಟೆಕ್ಸ್ಟ್ ಎಡಿಟರ್ ಎಂಥ ಹಳೇ ಯಂತ್ರದಲ್ಲೂ ಓಡುತ್ತದೆ.

2016ರಲ್ಲಿ ಬಂದ ವಿಮ್ 8ರಲ್ಲಿ ‘ಚಾನೆಲ್’ ಎಂಬ ಸೌಲಭ್ಯ ಸೇರಿತು. ಎಡಿಟರ್ ಸಾಕೆಟ್ ಮೂಲಕ ಹೊರಗಿನ ಪ್ರೋಗ್ರಾಂ ಜೊತೆ ಮಾತಾಡಬಹುದು. ಇದನ್ನು ಪರೀಕ್ಷಿಸಿ ನೋಡಲೆಂದೇ ಪೈಥಾನ್‌ನಲ್ಲಿ ಬರೆದ ಪುಟಾಣಿ ಡೆಮೊ ಸರ್ವರ್ ಒಂದನ್ನು ವಿಮ್ ಜೊತೆಗೇ ಕೊಟ್ಟಿದ್ದಾರೆ. ಅದು 8765ನೇ ಪೋರ್ಟ್‌ನಲ್ಲಿ ಕಾದು ಕೂತಿರುತ್ತದೆ. ಇತ್ತಿಂದ ‘ಹಲೋ’ ಕಳಿಸಿದರೆ ಅತ್ತಿಂದ ‘ಗಾಟ್ ಇಟ್’ ಅನ್ನುತ್ತದೆ. ಮೊದಲ ಸಲ ಆ ಉತ್ತರ ನೋಡಿದಾಗ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಲ್ಲಿ ಕಿರುಚಿದ್ದೆ!

ನಮ್ಮ ಮಿನಿ ಪ್ರಾಜೆಕ್ಟ್ ಹುಟ್ಟಿದ್ದು ಅಲ್ಲಿಂದಲೇ. ಸಿ ಪ್ರೋಗ್ರಾಂ ಬರೆದು ಒಂದು ಕೀ ಒತ್ತಿದರೆ ಅದು ಸರ್ವರ್‌ಗೆ ಹೋಗಿ, ಕಂಪೈಲ್ ಆಗಿ, ತಪ್ಪುಗಳ ಪಟ್ಟಿ ವಾಪಸ್ ಬರಬೇಕು. ಸರ್ವರ್ ನನ್ನದು, ವಿಮ್ ಕಡೆಯ ಕೋಡ್ ಗೆಳೆಯನದು. ಡೆಮೊ ದಿನ ಎಲ್ಲ ಚೆನ್ನಾಗೇ ನಡೆದಿತ್ತು. ಅಷ್ಟರಲ್ಲಿ ಗೈಡ್ ಮೇಡಂ, “ಇನ್ನೊಂದು ವಿಮ್ ತೆಗೆದು ಅದರಿಂದಲೂ ಕಳಿಸಿ ನೋಡೋಣ” ಅಂದರು. ಕಳಿಸಿದೆವು. ಎರಡು ಸೆಕೆಂಡ್ ಮೌನ, ಆಮೇಲೆ ಖಾಲಿ ಉತ್ತರ. ವಿಚಿತ್ರ ಅಂದರೆ ಚಾನೆಲ್ ಮಾತ್ರ ‘ಓಪನ್’ ಅಂತಲೇ ತೋರಿಸುತ್ತಿತ್ತು. “ಮುಂದಿನ ವಾರ ಬನ್ನಿ” ಅಂದರು ಮೇಡಂ.

ಕಾರಿಡಾರಿಗೆ ಬಂದವನೇ ಗೆಳೆಯನ ಮೇಲೆ ರೇಗಿದೆ. “ನನ್ನ ಸರ್ವರ್ ಸರಿ ಇದೆ ಕಣೋ, ನಿನ್ನ ಸ್ಕ್ರಿಪ್ಟೇ ದಂಡ.” ಉಳಿದ ಹುಡುಗರೆಲ್ಲ ಅಲ್ಲೇ ಇದ್ದರು. ಅವನು ಏನೂ ಮಾತಾಡಲಿಲ್ಲ.

ಆ ರಾತ್ರಿ ನನ್ನ ರೂಮಿನಲ್ಲಿ ಮತ್ತೆ ಎರಡು ಕಿಟಕಿ ತೆರೆದು ಕೂತೆವು. ಅದೇ ಕಥೆ. ನಾನು ಮತ್ತೆ ಗೊಣಗಿದ್ದಕ್ಕೆ ಸಿಟ್ಟು ಬಂದು ಅವನು ಮೊದಲ ಕಿಟಕಿಯನ್ನು ಮುಚ್ಚಿಬಿಟ್ಟ. ನನ್ನದನ್ನು ನಾನು ಹೊಸದಾಗಿ ತೆರೆದೆ. ಥಟ್ಟನೆ ಉತ್ತರ ಬಂತು! ಅವನು ಮತ್ತೆ ತೆರೆದ. ಈಗ ಅವನ ಕಿಟಕಿ ಮೂಕ.

ನಮ್ಮ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ ನೆನಪಾಯಿತು. ಅಲ್ಲಿರುವುದು ಒಬ್ಬನೇ ಹುಡುಗ. ಒಬ್ಬರು ರೆಕಾರ್ಡ್ ಪುಸ್ತಕ ಹಿಡಿದು ನಿಂತರೆ ಅವರು ಹೋಗುವವರೆಗೆ ಬೇರೆಯವರತ್ತ ತಿರುಗಿಯೂ ನೋಡುವುದಿಲ್ಲ. ನನ್ನ ಸರ್ವರ್ ಕೂಡ ಅದೇ ಹುಡುಗ. ಎರಡನೆಯವರ ಕನೆಕ್ಷನ್ ಆಪರೇಟಿಂಗ್ ಸಿಸ್ಟಮ್‌ನ ಸಾಲಿನಲ್ಲಿ ನಿಂತಿರುತ್ತದೆ, ಅದಕ್ಕೇ ‘ಓಪನ್’. ಕೇಳಿಸಿಕೊಳ್ಳುವವರು ಮಾತ್ರ ಯಾರೂ ಇಲ್ಲ. ವಿಮ್ ಎರಡು ಸೆಕೆಂಡ್ ಕಾದು ಕೈಬಿಡುತ್ತದೆ.

ಮೂಲ ಡೆಮೊ ಸರ್ವರ್ ಹೀಗಿರಲಿಲ್ಲ. ಅದರಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಥ್ರೆಡ್. ‘ಥ್ರೆಡಿಂಗ್ ಮಿಕ್ಸ್‌ಇನ್’ ಎಂಬ ಒಂದು ಕ್ಲಾಸ್ ಸೇರಿಸಿ ಅದನ್ನು ಸಾಧಿಸಿದ್ದರು. “ಇದೇನು ಸುಮ್ಮನೆ” ಅಂತ ಅದನ್ನು ಅಳಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಅದನ್ನು ವಾಪಸ್ ಹಾಕಿದೆ. ಎರಡೂ ಕಿಟಕಿ ಮಾತಾಡಿದವು. ಆದರೆ ಒಮ್ಮೆ ಇಬ್ಬರೂ ಒಟ್ಟಿಗೆ ಕೀ ಒತ್ತಿದಾಗ ನಾನು ಮರೆತ ಸೆಮಿಕೋಲನ್ ಅವನ ಕಿಟಕಿಯಲ್ಲಿ ತಪ್ಪಾಗಿ ಬಂತು! ಎರಡು ಥ್ರೆಡ್‌ಗಳೂ ಪ್ರೋಗ್ರಾಂ ಬರೆದಿಡುತ್ತಿದ್ದುದು ಒಂದೇ ಹೆಸರಿನ ಫೈಲ್‌ಗೆ. ಹಿಂದಿನವರು ಬರೆದದ್ದನ್ನು ಮುಂದಿನವರು ಒರೆಸಿ ಹಾಕುತ್ತಿದ್ದರು. ಅದೂ ನನ್ನದೇ ಕೋಡ್. ಪ್ರತಿಯೊಬ್ಬರಿಗೂ ಬೇರೆ ತಾತ್ಕಾಲಿಕ ಫೈಲ್ ಕೊಟ್ಟು ಮಲಗುವಾಗ ಬೆಳಗಿನ ಮೂರು ಗಂಟೆ.

ಮುಂದಿನ ವಾರ ಮೇಡಂ ಒಂದಲ್ಲ, ಮೂರು ವಿಮ್ ತೆರೆಸಿದರು. ಮೂರಕ್ಕೂ ಉತ್ತರ ಬಂತು. “ಹೋದ ವಾರ ಏನಾಗಿತ್ತು?” ಅಂದರು. ಗೆಳೆಯ ನನ್ನ ಮುಖ ನೋಡಿದ. “ನನ್ನ ತಪ್ಪು ಮೇಡಂ, ಥ್ರೆಡ್ ತೆಗೆದುಬಿಟ್ಟಿದ್ದೆ” ಅಂದೆ, ಉಳಿದ ಹುಡುಗರಿಗೂ ಕೇಳುವಷ್ಟು ಜೋರಾಗಿ.

ಸಂಜೆ ಕ್ಯಾಂಟೀನ್‌ನಲ್ಲಿ ಎರಡು ಪ್ಲೇಟ್ ಮಿರ್ಚಿ ಕೊಡಿಸಿದೆ. ಎರಡನ್ನೂ ಅವನೇ ತಿಂದ.